ಉರಿ ಕಾಣದ ಒಲೆ

ಕುಂಬಳಕಾಯಿಯನ್ನು ಕೆಂಡದ ಕಾವಿಗೆ ಇಡುವುದಾದರೆ ಅದರ ಸಿಪ್ಪೆ ತೆಗೆಯಬಾರದು. ಪಲ್ಯಕ್ಕೆ ತೆಗೆಯಬಹುದು, ಹುಳಿಗೆ ತೆಗೆದರೂ ನಡೆದೀತು, ಬಿಟ್ಟರೂ ನಡೆದೀತು. ಆದರೆ ನೀರಿನ ಆಸರೆಯಿಲ್ಲದೆ ಬರಿಯ ಬಿಸಿಯಲ್ಲಿ ಬೇಯಬೇಕಾದ ಹೋಳಿನ ಮೈ ಒಳಗೊಳಗೇ ಕರಗುತ್ತ ಬರುವಾಗ ಅದನ್ನು ಹಿಡಿದಿಡಲು ಸಿಪ್ಪೆಯೊಂದು ಬೇಕೇ ಬೇಕು. ಬದನೆಕಾಯಿಯನ್ನು ತೊಟ್ಟು ಮುರಿಯದೆ ಸೀಳಬೇಕು. ಉಳ್ಳಾಗಡ್ಡಿಯ ಬೇರಿನ ಗಂಟನ್ನು ಹಾಗೆಯೇ ಬಿಟ್ಟು ನಾಲ್ಕಾಗಿ ಬಿಡಿಸಬೇಕು. ಶೇಂಗಾ ಎಣ್ಣೆಯನ್ನು ಹೋಳುಗಳ ಮೇಲೆ ಸುರಿಯುವುದಲ್ಲ, ಅಂಗೈಗೆ ಸವರಿಕೊಂಡು ಆ ಕೈಯಿಂದ ಹೋಳುಗಳನ್ನು ಮಗುವಿನ ಮೈ ತಿಕ್ಕಿದಂತೆ ತಿಕ್ಕಬೇಕು. ಉಪ್ಪು, ಕೆಂಪು ಖಾರ, ಬೆಂದು ಹೊರಬಂದ ಮೇಲೆ ಒಂದು ಚಿಟಿಕೆ ಗುರೆಳ್ಳು ಪುಡಿ. ಅಡುಗೆ ಇಷ್ಟೇ. ಇದಕ್ಕೊಂದು ಹೆಸರು ಕೂಡ ಇಲ್ಲ. ಹೆಸರಿಡುವಷ್ಟು ದೊಡ್ಡ ಪದಾರ್ಥವೆಂದು ಯಾರಿಗೂ ಅನಿಸಿರಲಿಕ್ಕಿಲ್ಲ.

ಇದನ್ನು ನಾನು ಯಾರಿಗೋ ಕಲಿಸಿದೆನೆಂದು ಹೇಳಿಕೊಳ್ಳುವಂತಿಲ್ಲ, ಯಾರಿಂದಲೋ ಕಲಿತೆನೆಂದೂ ಹೇಳುವಂತಿಲ್ಲ. ಹಿರೇಬೆಂಡಿಗೇರಿಯ ಒಂದು ಮನೆಯ ಪಡಸಾಲೆಯಲ್ಲಿ, ಹೊರಗೆ ಆಷಾಢದ ಜಿಟಿಜಿಟಿ ಮಳೆ ಹಿಡಿದಿದ್ದಾಗ, ಗಂಗವ್ವ ಎಂಬವಳೂ ನಾನೂ ಕೂಡಿ ಇದನ್ನು ಕಂಡುಕೊಂಡೆವು. ತಮಾಷೆಯೆಂದರೆ, ಕಂಡುಕೊಂಡ ಆ ತಿಂಗಳಲ್ಲಿ ನಾನು ಒಂದು ಹೋಳನ್ನೂ ಬಾಯಿಗೆ ಹಾಕುವಂತಿರಲಿಲ್ಲ.

ಆಗ ರಾಜ್ಯ ಒಂದಾಗಿ ಹೆಚ್ಚು ಕಾಲವಾಗಿರಲಿಲ್ಲ. ಹಳ್ಳಿಹಳ್ಳಿಗೆ ಗ್ರಾಮಸೇವಿಕೆಯರನ್ನು ಕಳಿಸುವ ಹೊಸ ಉತ್ಸಾಹದ ದಿನಗಳು. ನಾನು ಸವಣೂರಿನ ಒಂದು ವೈಷ್ಣವ ಮನೆಯ ಹುಡುಗಿ. ಜಗುಲಿಯಲ್ಲಿ ಕೂತು ಹುಡುಗರಿಗೆ ಸಂಸ್ಕೃತ ಪಾಠ ಹೇಳುತ್ತಿದ್ದ ಅಪ್ಪ, ನನ್ನನ್ನು ತರಬೇತಿಗೆ ಕಳಿಸುವ ಮಾತು ಬಂದಾಗ ಮನೆಯವರೆಲ್ಲ ನಿರೀಕ್ಷಿಸಿದ್ದಕ್ಕಿಂತ ಬೇಗ ಒಪ್ಪಿದರು. ಅವ್ವ ಒಂದು ಮಾತು ಕಟ್ಟಿ ಕಳಿಸಿದಳು: "ಎಲ್ಲಿದ್ದರೂ ಚಾತುರ್ಮಾಸ್ಯ ಬಿಡಬ್ಯಾಡ." ನಾನು ಬಿಡಲಿಲ್ಲ. ಚಾತುರ್ಮಾಸ್ಯದ ಮೊದಲ ತಿಂಗಳು ಶಾಕವ್ರತ. ಆಷಾಢದ ಏಕಾದಶಿಯಿಂದ ಶ್ರಾವಣದ ದ್ವಾದಶಿಯವರೆಗೆ ಕಾಯಿಪಲ್ಯ ಮುಟ್ಟಿ ಹೆಚ್ಚಬಹುದು, ತಿನ್ನುವಂತಿಲ್ಲ. ಹೆಸರುಬೇಳೆ, ಅನ್ನ, ಕಾಳುಮೆಣಸು, ತುಪ್ಪ. ಒಂದು ತಿಂಗಳು ನಾಲಿಗೆ ಸಂನ್ಯಾಸ ತೆಗೆದುಕೊಂಡಂತೆ.

ಹಿರೇಬೆಂಡಿಗೇರಿಯಲ್ಲಿ ನನಗೆ ಖೋಲಿ ಕೊಟ್ಟವಳು ನೀಲವ್ವ. ಗಂಡ ತೀರಿಕೊಂಡ ಮೇಲೆ ಹೊಲವನ್ನೂ ಮಗನನ್ನೂ ಒಂದೇ ಕೈಯಲ್ಲಿ ಹಿಡಿದು ದಾಟಿಸಿದ ಹೆಂಗಸು. ಮಾತು ಬಿರುಸು, ನಡಿಗೆ ಅದಕ್ಕಿಂತ ಬಿರುಸು. ಮಗ ಫಕೀರಪ್ಪ ತನ್ನ ಪಾಲಿನ ಮಾತನ್ನೆಲ್ಲ ತಾಯಿಗೇ ಬಿಟ್ಟುಕೊಟ್ಟವನಂತೆ ಸುಮ್ಮನೆ ಇರುವ ಗಟ್ಟಿ ಆಳು. ಅವನ ಹೆಂಡತಿ ಗಂಗವ್ವ, ಹಾನಗಲ್ಲ ತಾಲೂಕಿನ ಆಡೂರಿನವಳು, ಸರಿಸುಮಾರು ನನ್ನ ವಯಸ್ಸಿನವಳೇ. ಬಂದ ಹೊಸದರಲ್ಲಿ ನಾನು ಅವಳನ್ನು ಗಮನಿಸಿದ್ದು ಅವಳು ಮಾಡುವ ಕೆಲಸದಿಂದಲ್ಲ, ಮಾಡದೆ ಉಳಿಯುವ ಒಂದು ಕೆಲಸದಿಂದ. ನೀರು ತರುತ್ತಿದ್ದಳು, ಸಗಣಿ ಬಾಚುತ್ತಿದ್ದಳು, ಎಮ್ಮೆ ಹಿಂಡುತ್ತಿದ್ದಳು, ಹೊಲದಲ್ಲಿ ಕಳೆ ತೆಗೆಯುವುದರಲ್ಲಿ ಇಬ್ಬರ ಸಮ ಎಂದು ಊರೇ ಹೇಳುತ್ತಿತ್ತು; ಆದರೆ ಅಡುಗೆಮನೆಯ ಹೊಸ್ತಿಲು ಮಾತ್ರ ದಾಟುತ್ತಿರಲಿಲ್ಲ. ನಾನು ನನ್ನ ಖೋಲಿಯಲ್ಲಿ ಸ್ಟೋವಿಗೆ ಗಾಳಿ ಹಾಕಿ ಅದು ಭುಸ್ಸೆಂದು ಹೊತ್ತಿಕೊಂಡರೆ, ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದವಳು ಮೊರವನ್ನು ಅಲ್ಲೇ ಬಿಟ್ಟು ಹಿತ್ತಲಿಗೆ ನಡೆದುಬಿಡುತ್ತಿದ್ದಳು.

ಹೋದ ಚಳಿಗಾಲದಲ್ಲಿ ಆದದ್ದನ್ನು ನೀಲವ್ವನೇ ಒಂದು ದಿನ ಹೇಳಿದಳು. ರೊಟ್ಟಿ ಬಡಿಯುತ್ತ ಕೂತ ಗಂಗವ್ವನ ಸೆರಗಿಗೆ ಒಲೆಯ ಉರಿ ಹತ್ತಿತು. ಹತ್ತಿದ್ದು ತಿಳಿಯುವಷ್ಟರಲ್ಲಿ ಎಡತೋಳು, ಕತ್ತಿನ ಪಕ್ಕ ಸುಟ್ಟಿತ್ತು. ದನಕ್ಕೆ ಹೊದಿಸಿದ್ದ ಗೋಣಿಚೀಲ ಎಳೆದುಕೊಂಡು ಓಡಿಬಂದು ಸೊಸೆಯನ್ನು ತಬ್ಬಿಕೊಂಡು ಬೆಂಕಿ ಆರಿಸಿದವಳು ನೀಲವ್ವ. ಅವಳ ಅಂಗೈಯಲ್ಲೂ ಚರ್ಮ ಬಿಗಿದುಕೊಂಡ ಕಲೆ ಇತ್ತು. ಗಂಗವ್ವನ ಗಾಯ ಮಾಯಿತು. ಆದರೆ ಉರಿ ಕಂಡರೆ ಕೈ ನಡುಗುವುದು, ಉಸಿರು ಕಟ್ಟುವುದು ಮಾಯಲಿಲ್ಲ. ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು, ಬತ್ತಿ ಹೊಸೆಯುತ್ತಿದ್ದಳು. ಹಚ್ಚುವುದಕ್ಕೆ ಅತ್ತೆಯನ್ನು ಕರೆಯುತ್ತಿದ್ದಳು.

"ಮೂರು ಹೊತ್ತು ಒಲಿ ಮುಂದ ಕುಂತು ನನ್ನ ಕಣ್ಣು ನೀರಾಗ್ಯಾವ್ರಿ ಅಕ್ಕಾರ," ಎಂದಳು ನೀಲವ್ವ. "ಈ ವಯಸ್ಸಿನಾಗ ಹೊಲಾನೂ ನಾನ, ಒಲೀನೂ ನಾನ ಅಂದ್ರ ಹೆಂಗ? ಓಣಿ ಮಂದಿ ಸುಮ್ಮನ ಇರ್ತಾರೇನು? ಸೊಸಿ ತಂದಿಯೋ, ಬೀಗತಿ ತಂದಿಯೋ ಅಂತಾರ."

"ದಿನಾ ಕಳದ್ಹಂಗ ಹೆದರಿಕಿ ಹೋಗ್ತದರಿ ನೀಲವ್ವ," ಎಂದೆ.

"ನಾನೂ ಹಂಗ ಅಂದಕೊಂಡು ಉಗಾದಿ ತನಕ ಕಾದೆ." ಅವಳು ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿದಳು, ಗಂಗವ್ವ ಬಾವಿಗೆ ಹೋಗಿದ್ದಳು. "ಪಂಚಮಿಗೆ ಅವರಣ್ಣ ಕರಿಯಾಕ ಬರ್ತಾನ. ಕಳಸ್ತೇನಿ. ತಿರುಗಿ ಕರಿಯಾಕ ನಾವು ಹೋಗಂಗಿಲ್ಲ. ಜಗಳಿಲ್ಲ, ಬೈದಾಟಿಲ್ಲ. ತವರಾಗ ಅವರವ್ವ ಅದಾಳ, ಮಾಡಿ ಹಾಕ್ತಾಳ. ಆಕೀಗೂ ಚಲೋ ಅಲ್ಲೇನ್ರಿ?"

ಬೈಗುಳದ ಮಾತಾಗಿದ್ದರೆ ನಾನು ಎದುರುತ್ತರ ಕೊಡುತ್ತಿದ್ದೆ. ಆದರೆ ಬೆಂಕಿಯಿಂದ ಯಾರನ್ನು ತಬ್ಬಿ ಉಳಿಸಿಕೊಂಡಿದ್ದಳೋ ಅವಳನ್ನೇ ಬಿಟ್ಟುಕೊಡುವ ಮಾತನ್ನು, ಅದೂ ಅವಳ ಒಳ್ಳೆಯದಕ್ಕೇ ಎಂಬ ನಂಬಿಕೆಯಿಂದ, ಆ ಬಿರುಸಿನ ಹೆಂಗಸು ಅಷ್ಟು ಮೆಲ್ಲಗೆ ಆಡಿದಾಗ, ಫಕೀರಪ್ಪನಿಗೆ ಗೊತ್ತೇ ಎಂದಷ್ಟೇ ಕೇಳಿದೆ. "ಅಂವಗ ಹೇಳೇನಿ. ಅಂವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ," ಎಂದಳು.

ಈಗ ನನ್ನ ಡಬ್ಬಿಯ ಒಲೆಯ ಕಥೆ ಹೇಳಬೇಕು. ತರಬೇತಿಯಲ್ಲಿ ನಮಗೆ ಕಲಿಸಿದ ವಿದ್ಯೆಗಳಲ್ಲಿ ಅದೂ ಒಂದು. ಖಾಲಿಯಾದ ಚಿಮಣಿ ಎಣ್ಣೆಯ, ಎಂದರೆ ಸೀಮೆಎಣ್ಣೆಯ, ಡಬ್ಬಿಯನ್ನು ತಿಕ್ಕಿ ತೊಳೆದು, ವಾಸನೆ ಹೋಗುವಂತೆ ಸುಟ್ಟು, ಅಡ್ಡ ಮಲಗಿಸಿ, ಬಾಯಿಗೆ ಒಂದು ತಗಡಿನ ಕದ ಕೂಡಿಸಿ, ಒಳಗೆ ತಟ್ಟೆ ಇಡಲು ಎರಡು ಪಟ್ಟಿ ಹೊಡೆದರೆ ಭಟ್ಟಿ ಸಿದ್ಧ. ಕೆಳಗೆ ಮಣ್ಣಿನ ಕಟ್ಟೆಯಲ್ಲಿ ಒಂದಿಷ್ಟು ಕೆಂಡ, ನೆತ್ತಿಯ ಮೇಲೆ ಒಂದಿಷ್ಟು ಕೆಂಡ. ನಡುವೆ ಇಟ್ಟದ್ದು ಎರಡೂ ಕಡೆಯ ಬಿಸಿಗೆ ಹದವಾಗಿ ಬೇಯುತ್ತದೆ. ಶಿಗ್ಗಾಂವಿಯ ತಗಡಿನ ಕೆಲಸದವರ ಹತ್ತಿರ ಅದನ್ನು ಮಾಡಿಸಿ, ಬಸ್ಸಿನ ಮೇಲೆ ಹೇರಿಸಿ, ಅಲ್ಲಿಂದ ಒಂದು ಬಂಡಿಯಲ್ಲಿಟ್ಟು ತಂದಿದ್ದೆ. ಊರ ಹೆಂಗಸರಿಗೆ ಬಿಸ್ಕೀಟು ಮಾಡಿ ತೋರಿಸಬೇಕೆಂಬ ನನ್ನ ಹುಮ್ಮಸ್ಸಿಗೆ ಮಳೆಯೂ ಅಡ್ಡ ಬರಲಿಲ್ಲ. ನೀಲವ್ವನ ಪಡಸಾಲೆ ತುಂಬ ಹೆಂಗಸರು ಕೂತರು. ನಾನು ಭಾಷಣ ಮಾಡುತ್ತ ಮೈಮರೆತೆ. ಕದ ತೆಗೆದಾಗ ತಟ್ಟೆಯ ಮೇಲಿದ್ದದ್ದು ಬಿಸ್ಕೀಟಲ್ಲ, ಇದ್ದಿಲು.

"ಅಕ್ಕಾರ, ಇದನ್ನ ತಿನ್ನಬೇಕೋ, ಹಲ್ಲು ತಿಕ್ಕಬೇಕೋ?" ಎಂದು ಯಾರೋ ಕೇಳಿದರು. ಪಡಸಾಲೆಯೆಲ್ಲ ನಕ್ಕಿತು. ನಾನೂ ನಕ್ಕೆ, ನಗದೆ ಬೇರೆ ದಾರಿ ಇರಲಿಲ್ಲ. ಆ ಒಂದು ನಗೆಯಿಂದ ಊರ ಹೆಂಗಸರಿಗೂ ನನಗೂ ನಡುವೆ ಇದ್ದ ಸಂಕೋಚ ಕರಗಿತೆನ್ನುವುದು ಬೇರೆ ಮಾತು. ಡಬ್ಬಿ ಮಾತ್ರ ಪಡಸಾಲೆಯ ಮೂಲೆ ಸೇರಿತು.

ಕೆಲವು ದಿನಗಳ ಮೇಲೆ, ಮಧ್ಯಾಹ್ನ, ನೀಲವ್ವ ಹೊಲಕ್ಕೆ ಹೋದ ಹೊತ್ತಿನಲ್ಲಿ, ಗಂಗವ್ವ ಆ ಮೂಲೆಯಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದಳು. ಡಬ್ಬಿಯ ಕದ ತೆಗೆದು ಒಳಗೆ ನೋಡುತ್ತಿದ್ದಳು. ನನ್ನನ್ನು ಕಂಡು ಎದ್ದಳು.

"ಅಕ್ಕಾರ, ಇದರಾಗ ಉರಿ ಕಾಣಂಗಿಲ್ಲೇನ್ರಿ?"

"ಇಲ್ಲ ಗಂಗವ್ವ. ಬರೇ ಕೆಂಡ. ಅದೂ ಬೂದಿ ಮುಚ್ಚಿದ್ದು."

"ಅಂದು ನೀವು ಕರ್ರಗ ಮಾಡಿದ್ರಲ್ಲ, ಅವತ್ತು ನಾ ಹಿತ್ತಲಿಗೆ ಹೋಗ್ಲಿಲ್ಲ ನೋಡ್ರಿ. ಇಲ್ಲೇ ಕಂಬಕ್ಕ ನಿಂತಿದ್ದೆ." ಅವಳು ಬೇರೆ ಯಾರದೋ ಸಂಗತಿ ಹೇಳುವವಳಂತೆ ಹೇಳಿದಳು: "ಕೈ ನಡುಗಲಿಲ್ಲ."

ಭಾಷಣ ಕೇಳದೆ ನಕ್ಕ ಆ ಪಡಸಾಲೆಯಲ್ಲಿ ಒಬ್ಬಳು ಮಾತ್ರ ಒಂದು ಡಬ್ಬಿಯನ್ನು ಅಷ್ಟು ಕಣ್ಣಿಟ್ಟು ನೋಡುತ್ತಿದ್ದಳೆಂಬುದು ನನಗೆ ಹೊಳೆದೇ ಇರಲಿಲ್ಲ. "ಇವತ್ತ ಏನರ ಮಾಡೋಣೇನು?" ಎಂದೆ. "ಬಿಸ್ಕೀಟು ಬ್ಯಾಡ್ರಿ," ಎಂದಳು ತಟ್ಟನೆ. ಇಬ್ಬರಿಗೂ ನಗು ಬಂತು. "ರೊಟ್ಟಿಗೆ ಹಚ್ಚಿಗೊಳ್ಳಾಕ ಏನರ ಮಾಡೂಣ್ರಿ. ಅತ್ತಿ ಬರೂದ್ರಾಗ."

ಮನೆಯಲ್ಲಿ ಇದ್ದದ್ದು ಅರ್ಧ ಕುಂಬಳಕಾಯಿ, ಹಿತ್ತಲಿನ ನಾಲ್ಕಾರು ಬದನೆಕಾಯಿ, ಬುಟ್ಟಿಯಲ್ಲಿ ಉಳ್ಳಾಗಡ್ಡಿ. ಅವಳು ಹೆಚ್ಚಿದಳು. ಬೆಳಗಿನ ರೊಟ್ಟಿಯಾದ ಮೇಲೆ ನೀಲವ್ವ ಬೂದಿ ಮುಚ್ಚಿಟ್ಟು ಹೋಗಿದ್ದ ಕೆಂಡವನ್ನು ನಾನು ಅಡುಗೆಮನೆಯಿಂದ ಹಳೆಯ ಬೋಗುಣಿಯಲ್ಲಿ ತಂದೆ. ಅವಳು ಕಂಬಕ್ಕೆ ಒರಗಿ ನಿಂತು, ಸೆರಗನ್ನು ಸೊಂಟಕ್ಕೆ ಎರಡು ಸುತ್ತು ಬಿಗಿದು, ಕೆಂಡವನ್ನು ನೋಡಿದಳು. ನಾನು ಡಬ್ಬಿಯ ಕೆಳಗೆ ಹರವಿದೆ. ಮೇಲೆ ಹರವಲು ಇಕ್ಕಳ ಎತ್ತಿದಾಗ ಅವಳು ಕೈ ಚಾಚಿದಳು. ಇಕ್ಕಳವನ್ನು ಕೊಟ್ಟೆ. ಮೊದಲ ಕೆಂಡ ಎತ್ತುವಾಗ ಇಕ್ಕಳದ ಎರಡು ತುದಿ ಕಟಕಟ ಬಡಿದವು. ಎರಡನೆಯದಕ್ಕೆ ಕಡಿಮೆಯಾಯಿತು. ಮುಂದಿನದನ್ನು ನಾನು ನೋಡಲಿಲ್ಲ; ನೋಡುತ್ತಿದ್ದೇನೆಂಬುದು ಅವಳಿಗೆ ಭಾರವಾದೀತೆಂದು ಮಳೆ ನೋಡುತ್ತ ನಿಂತೆ.

ಸ್ವಲ್ಪ ಹೊತ್ತಿನಲ್ಲಿ ಕುಂಬಳಕಾಯಿಯ ಅಂಚು ಬೆಲ್ಲವಾಗತೊಡಗಿದ ವಾಸನೆ ಬಂತು. ಅದರ ಹಿಂದೆ ಬದನೆಕಾಯಿಯದು, ಅದರ ಹಿಂದೆ ಉಳ್ಳಾಗಡ್ಡಿಯದು. ಶಾಕವ್ರತ ಹಿಡಿದ ಹೊಟ್ಟೆಯಲ್ಲಿ ಆ ವಾಸನೆ ಏನು ಮಾಡಿತೆಂಬುದನ್ನು ಬರೆದರೆ ನನ್ನ ವ್ರತಕ್ಕೆ ಭಂಗ ಬಂದೀತು. ತಟ್ಟೆ ಹೊರಬಂದಾಗ ಗಂಗವ್ವ ಒಂದು ಹೋಳನ್ನು ನನ್ನತ್ತ ಹಿಡಿದಳು.

"ನಾ ತಿನ್ನಂಗಿಲ್ಲ. ನಮ್ಮ ವ್ರತ ಅದ. ನೀನ ನೋಡಿ ಹೇಳು."

"ಹಂಗಾರ ಉಪ್ಪು, ಖಾರ ಯಾರು ಹೇಳಬೇಕ್ರಿ?"

"ನೀನ."

ಅವಳು ಹೋಳನ್ನು ಊದಿ ಬಾಯಿಗಿಟ್ಟಳು. ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು. "ಉಪ್ಪು ಕಮ್ಮಿ ಆಗೇತಿ. ಉಳ್ಳಾಗಡ್ಡಿ ಇನ್ನೊಂಚೂರು ಬೇಯಬೇಕು. ಗುರೆಳ್ಳು ಪುಡಿ ಬೇಕ ಬೇಕ," ಎಂದಳು. ಅದು ಅಡುಗೆಯ ಯಜಮಾನಿಯ ದನಿ. ಎಷ್ಟೋ ತಿಂಗಳಿಂದ ಆ ಮನೆಯಲ್ಲಿ ಬಡಿಸಿದ್ದನ್ನು ತಲೆತಗ್ಗಿಸಿ ಉಣ್ಣುತ್ತಿದ್ದವಳು, ಉಪ್ಪು ಕಮ್ಮಿ ಎನ್ನುವ ಹಕ್ಕನ್ನು ಆ ಹೊತ್ತಿನಲ್ಲಿ ಮರಳಿ ಪಡೆದಳೆಂದು ನನಗೆ ಅನಿಸಿತು.

ನೀಲವ್ವ ಹೊಲದಿಂದ ಬಂದು, ಕಾಲು ತೊಳೆದು, ಬೆಳಗಿನ ರೊಟ್ಟಿ ಮುರಿದು ತಿನ್ನಲು ಕೂತಾಗ ಗಂಗವ್ವ ತಟ್ಟೆಯನ್ನು ಮುಂದಿಟ್ಟಳು. ಫಕೀರಪ್ಪನೂ ಕೂತ. ನೀಲವ್ವ ತಿಂದಳು. ಇನ್ನೊಂದು ರೊಟ್ಟಿ ತೆಗೆದುಕೊಂಡಳು. ಆಮೇಲೆ ನನ್ನ ಕಡೆ ನೋಡಿ, "ನೀವ ತಿನ್ನದ್ದನ್ನ ನಮಗ್ಯಾಕ ಮಾಡಿ ಹಾಕಿದ್ರಿ ಅಕ್ಕಾರ?" ಎಂದಳು.

"ನಾ ಅಲ್ರಿ. ನಿಮ್ಮ ಸೊಸಿ."

ನೀಲವ್ವನ ಕೈ ರೊಟ್ಟಿಯ ಮೇಲೆ ನಿಂತಿತು. ಸೊಸೆಯ ಮುಖ ನೋಡಿದಳು, ಮೂಲೆಯ ಡಬ್ಬಿ ನೋಡಿದಳು. ತಟ್ಟೆಯನ್ನು ಕೊನೆಯ ಹೋಳಿನವರೆಗೆ ಒರಸಿ ತಿಂದು, ಕೈ ತೊಳೆದ ಮೇಲೆ, ನಾನೊಬ್ಬಳೇ ಇದ್ದಾಗ ಹೇಳಿದಳು: "ಪಲ್ಯಾ ಆತ್ರಿ. ರೊಟ್ಟಿ ಯಾರು ಬಡೀತಾರ?"

ಅದು ಕೊಂಕಲ್ಲ, ನಿಜ. ಜೋಳದ ಸೀಮೆಯಲ್ಲಿ ಊಟವೆಂದರೆ ರೊಟ್ಟಿ. ಉಳಿದದ್ದೆಲ್ಲ ಅದಕ್ಕೆ ಹಚ್ಚಿಕೊಳ್ಳುವ ಪದಾರ್ಥ. ಹಚ್ಚಿಕೊಳ್ಳುವುದು ಎಂಬ ಆ ಮಾತನ್ನು ನಾನು ಎಷ್ಟೋ ಸಲ ನಾಲಿಗೆಯ ಮೇಲೆ ಹೊರಳಿಸಿ ನೋಡಿದ್ದೇನೆ. ರೊಟ್ಟಿಗೆ ಪಲ್ಯ ಹಚ್ಚಿಕೊಳ್ಳುತ್ತೇವೆ, ಮನುಷ್ಯರು ಮನುಷ್ಯರನ್ನು ಹಚ್ಚಿಕೊಳ್ಳುತ್ತಾರೆ. ಹಚ್ಚಿಕೊಂಡದ್ದು ಹೊಟ್ಟೆ ತುಂಬಿಸದು, ಆದರೆ ಅದಿಲ್ಲದೆ ತುತ್ತು ಗಂಟಲಲ್ಲಿ ಇಳಿಯದು. ತಟ್ಟೆಯ ಮಗ್ಗುಲಲ್ಲಿ ಒಂದು ಹಿಡಿಯಷ್ಟು ಕೂತಿರುವ ಪದಾರ್ಥದ ಬೆಲೆ, ಅದು ಇಲ್ಲವಾದ ದಿನವೇ ತಿಳಿಯುವುದು.

ಪಂಚಮಿಯವರೆಗೆ ಗಂಗವ್ವ ಹೆಚ್ಚುಕಡಿಮೆ ದಿನವೂ ಡಬ್ಬಿಯ ಮುಂದೆ ಕೂತಳು. ಹೀರೇಕಾಯಿ ಇಟ್ಟು ನೋಡಿದಳು, ಅದು ನೀರಾಯಿತು. ಬೆಂಡೇಕಾಯಿ ಚೆನ್ನಾಗಿ ಬಂತು. ಕೆಂಡವನ್ನು ತಾನೇ ಒಲೆಯಿಂದ ತೆಗೆಯತೊಡಗಿದಳು, ಉರಿ ಪೂರಾ ಇಳಿದ ಮೇಲೆ. ಉರಿ ಇದ್ದಾಗ ಮಾತ್ರ ಹೊಸ್ತಿಲ ಆಚೆಯೇ. ನೀಲವ್ವ ಎಲ್ಲವನ್ನೂ ಉಂಡಳು, ಯಾವುದನ್ನೂ ಹೊಗಳಲಿಲ್ಲ, ತನ್ನ ಮಾತನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ.

ಪಂಚಮಿಗೆ ಅಣ್ಣ ಬಂದ. ಅಳ್ಳಿಟ್ಟು, ತಂಬಿಟ್ಟಿನ ಉಂಡೆ ಕಟ್ಟಿಕೊಂಡು, ಹೊಸ ಬಳೆ ತೊಟ್ಟು ಗಂಗವ್ವ ಹೊರಟು ನಿಂತಳು. ಯಾರೂ ಏನೂ ಹೇಳಿರಲಿಲ್ಲ. ಆದರೆ ಹೇಳದ ಮಾತು ಆ ಮನೆಯಲ್ಲಿ ಎಷ್ಟು ದಟ್ಟವಾಗಿತ್ತೆಂದರೆ ಅವಳಿಗೆ ಅದು ತಾಕದೆ ಇರಲು ಸಾಧ್ಯವಿರಲಿಲ್ಲ. ಅತ್ತೆಯ ಕಾಲು ಮುಟ್ಟಿ ನಮಸ್ಕರಿಸಿದಳು. ನನ್ನ ಖೋಲಿಯ ಬಾಗಿಲಿಗೆ ಬಂದಳು.

"ಡಬ್ಬಿ ಒಳಗಿನ ಬೂದಿ ಎಲ್ಲಾ ತಗದು ಒರಸಿಟ್ಟೇನ್ರಿ ಅಕ್ಕಾರ. ಮಳಿಗಾಲ. ಹಂಗ ಬಿಟ್ರ ತುಕ್ಕು ತಿಂತೈತಿ."

"ಬಂದ ಮ್ಯಾಲೆ ಮತ್ತ ಮಾಡೋಣಲ್ಲ," ಎಂದೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಹೂಂರಿ," ಎಂದು ಹೋಗಿ ಬಂಡಿ ಹತ್ತಿದಳು. ಫಕೀರಪ್ಪ ಊರ ಹೊರಗಿನವರೆಗೆ ಬಂಡಿಯ ಹಿಂದೆ ನಡೆದು ಹೋದ. ತಿರುಗಿ ಬಂದವನು ಉಣ್ಣಲಿಲ್ಲ.

ಆಮೇಲಿನ ದಿನಗಳಲ್ಲಿ ಮನೆ ಬಿಕೋ ಎನ್ನುತ್ತಿತ್ತು. ನೀಲವ್ವ ಇನ್ನಷ್ಟು ಬಿರುಸಾಗಿ ಓಡಾಡಿದಳು. ಓಡಾಟ ನಿಂತರೆ ಯಾವುದೋ ಯೋಚನೆ ಬಂದು ಹಿಡಿದೀತೆಂದು ಹೆದರಿದವಳ ಹಾಗೆ. ಒಂದು ಬೆಳಗ್ಗೆ ನಾನು ಮುಖ ತೊಳೆಯಲು ಹಿತ್ತಲಿಗೆ ಹೋಗುವಾಗ ಅಡುಗೆಮನೆಯಿಂದ ಹೊಗೆ ಬರುತ್ತಿತ್ತು, ಕೆಮ್ಮೂ ಕೇಳಿಸಿತು. ಗಂಡಸಿನ ಕೆಮ್ಮು. ನೀಲವ್ವ ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಫಕೀರಪ್ಪ ಮಂಡಿಯೂರಿ ಕೂತು, ಕಣ್ಣಲ್ಲಿ ನೀರು ಸುರಿಸುತ್ತ, ಒಲೆ ಊದುತ್ತಿದ್ದ.

"ಏನೋ ಇದು? ಒಲಿ ಹಚ್ಚೂದು ಗಂಡಸರ ಕೆಲಸೇನೋ?"

"ಯವ್ವಾ," ಎಂದ ಅವನು, ಒಲೆಯ ಮೇಲಿನ ಕಣ್ಣು ತೆಗೆಯದೆ. ಮನೆಯಲ್ಲಿ ಅಷ್ಟು ತಿಂಗಳಿದ್ದು ಅವನ ಬಾಯಿಂದ ಅಷ್ಟು ಉದ್ದದ ಮಾತನ್ನು ನಾನು ಕೇಳಿದ್ದು ಅದೇ ಮೊದಲು. "ಉರಿ ನಾ ಹಚ್ಚತೇನಿ. ಉರಿ ಇಳದು ಕೆಂಡ ಆದ ಮ್ಯಾಲೆ ಆಕಿ ಬಂದು ಕುಂದ್ರತಾಳ. ಕೆಂಡದಾಗ ಪಲ್ಯಾ ಆಗ್ತೈತಿ ಅಂದ್ರ ರೊಟ್ಟಿ ಯಾಕ ಆಗಂಗಿಲ್ಲ?"

"ಹಂಚು ಕಾಯಬೇಕಲ್ಲೋ ಹುಚ್ಚಾ."

"ಕಾಯತನ ಕಾಯೂಣು."

"ಮಂದಿ ನಗ್ತಾರ."

"ನಗಲಿ."

ನೀಲವ್ವ ಒಳಗೆ ಬಂದು ಒಲೆಯ ಮುಂದೆ ಕೂತಳು. ಮಗ ಎದ್ದು ಕಣ್ಣೊರೆಸಿಕೊಳ್ಳುತ್ತ ಹೊಲಕ್ಕೆ ಹೋದ. ನಾನು ನನ್ನ ಕೆಲಸಕ್ಕೆ ಹೋಗಿ ಮಧ್ಯಾಹ್ನ ಮರಳಿದಾಗ ಅವಳು ಇನ್ನೂ ಒಲೆಯ ಮುಂದೆಯೇ ಇದ್ದಳು. ಒಲೆಯಲ್ಲಿ ಉರಿ ಇರಲಿಲ್ಲ. ಹೊಟ್ಟೆ ತುಂಬ ಕೆಂಡ ಕವಿದಿತ್ತು, ಅದರ ಮೇಲೆ ಹಂಚು. ಸುತ್ತ ಮೂರು ತರದ ರೊಟ್ಟಿಗಳು: ಒಂದು ಹಸಿಯಾಗಿ ಬಿಳಚಿಕೊಂಡದ್ದು, ಒಂದು ಅರ್ಧ ಬೆಂದದ್ದು, ಇನ್ನೊಂದು ಸ್ವಲ್ಪ ದಪ್ಪವಾದರೂ ಹೊಟ್ಟೆ ಉಬ್ಬಿಸಿ ಹದವಾಗಿ ಬೆಂದದ್ದು. ನನ್ನ ನೆರಳು ಬಿದ್ದದ್ದನ್ನು ಕಂಡು, ತಲೆಯೆತ್ತದೆ, ರೊಟ್ಟಿಯ ಮೇಲೆ ನೀರಿನ ಕೈ ಆಡಿಸುತ್ತ ಹೇಳಿದಳು:

"ಜಾಲಿ ಕಟ್ಟಿಗಿ ಬೇಕು. ಪುಳ್ಳಿ ಕೆಂಡ ನಿಲ್ಲಂಗಿಲ್ಲ. ಹಂಚು ಒಂದೀಟು ಕೆಳಗ ಕುಂದ್ರಬೇಕು. ಹಂಚು ಹೊರೋ ಒಲಿ ಗುಂಡು ಕಡದು ಹೊಸದು ಹಾಕಬೇಕು."

"ಹೌದ್ರಿ," ಎಂದೆ.

ಸಂಜೆ ಫಕೀರಪ್ಪ ಬಂದಾಗ ಆ ಉಬ್ಬಿದ ರೊಟ್ಟಿಯನ್ನೇ ಅವನ ತಟ್ಟೆಗೆ ಹಾಕಿ, "ನಾಳೆ ಬಂಡಿ ಕಟ್ಟು. ಆಡೂರಿಗೆ ಹೋಗೂಣು. ನಾನೂ ಬರ್ತೇನಿ," ಎಂದಳು. ಸೊಸೆಯನ್ನು ಕರೆತರಲು ಅತ್ತೆಯೇ ಬಂಡಿ ಹತ್ತಿ ಹೋಗುವುದು ಆ ಸೀಮೆಯಲ್ಲಿ ಕಂಡು ಕೇಳಿದ ಸಂಗತಿಯಾಗಿರಲಿಲ್ಲ. ಫಕೀರಪ್ಪ ರೊಟ್ಟಿಯನ್ನು ಮುರಿದ. ಅವನ ಆ ವರ್ಷದ ಮಾತು ಬೆಳಗ್ಗೆಯೇ ತೀರಿಹೋಗಿತ್ತು.

ಗಂಗವ್ವ ಬಂದಾಗ ನನ್ನ ಶಾಕವ್ರತ ಮುಗಿದಿತ್ತು. ಬಂದ ಮರುದಿನವೇ ಅವಳು ಡಬ್ಬಿಯನ್ನು ಹೊರಗೆಳೆದಳು. ನಾನು ಉಳ್ಳಾಗಡ್ಡಿ ತಿನ್ನುವವಳಲ್ಲವೆಂಬುದನ್ನು ನೆನಪಿಟ್ಟುಕೊಂಡು, ನನ್ನ ಪಾಲಿನ ಕುಂಬಳಕಾಯಿ, ಬದನೆಕಾಯಿಗಳನ್ನು ಬಾಳೆಯೆಲೆಯಲ್ಲಿ ಸುತ್ತಿ, ನಾರಿನಿಂದ ಕಟ್ಟಿ, ಒಂದು ಕಡೆ ಬೇರೆಯಾಗಿ ಇಟ್ಟಳು. ಎಲೆ ಬಿಚ್ಚಿದಾಗ ಬಂದ ಹಬೆಯಲ್ಲಿ ಎಲೆಯ ಹಸಿರು ವಾಸನೆಯೂ ಕೂಡಿಕೊಂಡಿತ್ತು. ಒಂದು ತಿಂಗಳು ವಾಸನೆಯಲ್ಲಷ್ಟೇ ಬಲ್ಲ ರುಚಿಯನ್ನು ಕೊನೆಗೂ ಬಾಯಲ್ಲಿಟ್ಟಾಗ, ಕುಂಬಳಕಾಯಿಯ ಸಿಹಿ ಮೊದಲು ಬಂತು, ಖಾರ ಹಿಂದಿನಿಂದ ಬಂತು, ಕೊನೆಗೆ ಗುರೆಳ್ಳಿನ ಮಂದ ಕಹಿ. ನೀಲವ್ವ, ಗಂಗವ್ವ ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. "ಉಪ್ಪು ಸರಿ ಅದ," ಎಂದೆ. ಅವರಿಬ್ಬರಿಗೂ ಅಷ್ಟೇ ಸಾಕಾಗಿತ್ತು.

ಕನ್ನಡದಲ್ಲಿ ಕಾಯುವುದು ಎಂಬ ಒಂದು ಮಾತಿದೆ. ಹಂಚು ಕಾಯುತ್ತದೆ, ನೀರು ಕಾಯುತ್ತದೆ. ಬರುವವರಿಗಾಗಿ ನಾವು ಕಾಯುತ್ತೇವೆ. ಹೊಲವನ್ನು, ಹಟ್ಟಿಯನ್ನು, ನಮ್ಮವರನ್ನು ಕಾಯುತ್ತೇವೆ. ಬಿಸಿಯಾಗುವುದು, ತಡೆದುಕೊಂಡಿರುವುದು, ರಕ್ಷಿಸುವುದು, ಮೂರಕ್ಕೂ ಒಂದೇ ಪದ ಹೇಗೆ ಸಾಕಾಯಿತೆಂದು ಪಂಡಿತನಾದ ಅಪ್ಪನನ್ನು ಒಮ್ಮೆ ಕೇಳಿದ್ದೆ. ಅವರು ಧಾತು ಹೇಳಿದರು, ಬೇರೆ ಬೇರೆ ಮೂಲ ಇರಬಹುದೆಂದರು. ಇರಬಹುದು. ನಾನು ಮಾತ್ರ ಆ ಮನೆಯ ಅಡುಗೆಮನೆಯಲ್ಲಿ ಮೂರೂ ಒಂದೇ ಒಲೆಯ ಮುಂದೆ ಕೂತದ್ದನ್ನು ಕಂಡವಳು. ಉರಿಗೆ ಅವಸರ, ಅದು ಕಣ್ಣಿಗೆ ಕಾಣಬೇಕು, ಸದ್ದು ಮಾಡಬೇಕು, ಸುಡಬೇಕು. ಕೆಂಡಕ್ಕೆ ಅವಸರವಿಲ್ಲ. ಅದರ ಮೇಲೆ ಏನಿಟ್ಟರೂ ಅದು ತನ್ನ ಪಾಡಿಗೆ ತಾನು ಕಾಯುತ್ತ, ಕಾಯಿಸುತ್ತ, ಕಾಯ್ದುಕೊಂಡಿರುತ್ತದೆ. ಗಂಗವ್ವನ ಹೆದರಿಕೆ ಆಮೇಲೂ ಹೋಗಲಿಲ್ಲ, ಅದನ್ನು ಹೇಳಿಬಿಡಬೇಕು. ಅದು ಹೋಗಲೇಬೇಕೆಂದು ಯಾರೂ ಹಟ ಹಿಡಿಯದ ಒಂದು ಮನೆ ಅವಳಿಗೆ ಸಿಕ್ಕಿತು. ಅಷ್ಟಾದರೆ ಮನುಷ್ಯರಿಗೆ ಬಾಳಲು ಸಾಕು ಎಂದು ನನಗೆ ಅನೇಕ ಸಲ ಅನಿಸಿದೆ.

ನನಗೆ ಮುಂದೆ ಹಿರೇಕೆರೂರಿಗೆ ವರ್ಗವಾಯಿತು, ಅಲ್ಲಿಂದ ಮದುವೆಯಾಗಿ ಹಾನಗಲ್ಲಿಗೆ ಬಂದೆ. ಡಬ್ಬಿಯನ್ನು ಅಲ್ಲೇ ಬಿಟ್ಟಿದ್ದೆ; ಅದು ತೂತು ಬಿದ್ದ ಮೇಲೆ ಫಕೀರಪ್ಪ ಇನ್ನೊಂದು ಮಾಡಿಸಿದನೆಂದು ಕೇಳಿದೆ. ಗಂಗವ್ವ ತವರಿಗೆ ಬರುವಾಗ ಆಡೂರಿನ ದಾರಿಯಲ್ಲಿ ನನ್ನ ಮನೆಗೆ ಬಂದು, ಒಂದು ಕುಂಬಳಕಾಯಿ ಇಟ್ಟು, ನನ್ನ ಅಡುಗೆಗೆ ಉಪ್ಪು ಹೆಚ್ಚಾಯಿತೆಂದು ಹೇಳಿ ಹೋಗುವುದು ರೂಢಿಯಾಯಿತು. ಕೆಲವು ವರ್ಷಗಳ ಮೇಲೆ, ಅವಳು ಬಾಣಂತನ ಮುಗಿಸಿ ತವರಿನಿಂದ ಮಗಳನ್ನು ತಂದ ತೊಟ್ಟಿಲ ಹಬ್ಬಕ್ಕೆಂದು, ನಾನೇ ಹಿರೇಬೆಂಡಿಗೇರಿಗೆ ಹೋಗಿ ಒಂದು ರಾತ್ರಿ ಉಳಿದೆ.

ಬೆಳಗ್ಗೆ ಎಚ್ಚರವಾದಾಗ ನೀಲವ್ವ ಪಡಸಾಲೆಯಲ್ಲಿ ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಅಡುಗೆಮನೆಯಿಂದ ಜಾಲಿ ಕಟ್ಟಿಗೆಯ ಹೊಗೆ ಬರುತ್ತಿತ್ತು. ಬಾಗಿಲ ಹೊರಗೆ ಬಂದ ನೆರೆಯವನೊಬ್ಬ, "ಫಕೀರಪ್ಪಾ, ಏನು ಮಾಡಾಕತ್ತೀಯೋ? ಹೊಲಕ್ಕ ಬರ್ತೀಯೋ ಇಲ್ಲೋ?" ಎಂದು ಕೂಗಿದ.

"ಒಲಿ ಹಚ್ಚಾಕತ್ತೇನಿ," ಎಂದು ಒಳಗಿನಿಂದ ದೊಡ್ಡ ದನಿಯಲ್ಲಿ ಉತ್ತರ ಬಂತು. "ಕುಂದ್ರು. ಕೆಂಡ ಆಗಲಿ."

ನೆರೆಯವನು ನಗಲಿಲ್ಲ. ಕಟ್ಟೆಯ ಮೇಲೆ ಕೂತು, ಕಿವಿಯ ಮೇಲಿದ್ದ ಬೀಡಿ ತೆಗೆದು, ಬೆರಳುಗಳ ನಡುವೆ ಹೊರಳಿಸುತ್ತ ಹೇಳಿದ: "ಆತು, ಆಗಲಿ. ಆದ ಮ್ಯಾಲೆ ನನಗೂ ಒಂದು ಕೆಂಡ ಕಳಸು ಮತ್ತ."

ಬಿಸಿಲು ಕಟ್ಟೆಗೆ ಬರುವ ಹೊತ್ತಿಗೆ ಒಳಗಿನ ಹೊಗೆ ತೆಳ್ಳಗಾಯಿತು. ಗಂಗವ್ವ ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು ಹೊರಗೆ ಬಂದಳು. ಇಕ್ಕಳದ ತುದಿಯಲ್ಲಿ ಕೆಂಪಗೆ ಹೊಳೆಯುವ ಒಂದು ಕೆಂಡ. ಪಡಸಾಲೆ ದಾಟಿ, ಅತ್ತೆಯನ್ನೂ ಮಗಳನ್ನೂ ದಾಟಿ, ನನ್ನನ್ನೂ ದಾಟಿ, ಅವಸರವಿಲ್ಲದೆ ನಡೆದು, ಅದನ್ನು ನೆರೆಯವನ ಬೀಡಿಗೆ ಹಿಡಿದು, ಅದು ಹತ್ತಿಕೊಳ್ಳುವವರೆಗೆ ನಿಂತಳು.